ಭಾವನ ಹಿಮ್ಮಡಿ

ನಮ್ಮ ಭಾವ ಓಡುವ ಪೈಕಿ ಅಲ್ಲವೇ ಅಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಬೀದಿಯವರು ಈಗ ಅವರ ಕಾಲಿನ ಕಥೆ ಹೇಳುವಾಗ ಹುಟ್ಟಾ ಓಟಗಾರ ಎಂಬಂತೆ ಹೇಳುತ್ತಾರೆ. ಹುಟ್ಟಾ ಅಂತೆ! ನಲವತ್ತು ದಾಟುವವರೆಗೆ ಕಣ್ಣೆದುರು ಬಸ್ಸು ಹೊರಟರೂ ಓಡಿದವರಲ್ಲ. "ಇನ್ನೊಂದು ಬರುತ್ತೆ ಬಿಡು" ಎಂದು ಕಂಬಕ್ಕೆ ಒರಗಿ ನಿಲ್ಲುವ ಆಸಾಮಿ.

ಅವರದು ಕ್ಷೌರದಂಗಡಿ. ತಿರುಗುವ ಕುರ್ಚಿ ಎರಡು, ಅದರಲ್ಲಿ ಒಂದರ ಸೀಟು ಹರಿದು ಕಪ್ಪು ಟೇಪು ಸುತ್ತಿಸಿಕೊಂಡಿದೆ. ಉದ್ದದ ಕನ್ನಡಿಯ ಕೆಳಗೆ ಕತ್ತರಿಗಳು, ಬಾಚಣಿಗೆಗಳು, ನೊರೆಯ ಬಟ್ಟಲು, ನೀರು ಚಿಮುಕಿಸುವ ಬಾಟಲಿ, ತಲೆ ಒತ್ತಿಸಿಕೊಳ್ಳುವವರಿಗೆಂದು ನೋವಿನ ಮುಲಾಮಿನ ದೊಡ್ಡ ಡಬ್ಬಿ. ಅಂಗಡಿಯಿಂದ ರಸ್ತೆಗೆ ಇಳಿಯಲು ಒಂದೇ ಒಂದು ಕಲ್ಲಿನ ಮೆಟ್ಟಿಲು. ಬೆಳಗಿನಿಂದ ದೀಪ ಹಚ್ಚುವವರೆಗೂ ಭಾವ ನಿಂತೇ ಇರುತ್ತಿದ್ದರು, ನಿಂತೇ ಮಾತಾಡುತ್ತಿದ್ದರು, ಸುಮ್ಮನಿದ್ದದ್ದು ಮಾತ್ರ ಕಡಿಮೆ. ನನಗೆ 'ಮೆಣಸಿನಕಾಯಿ' ಎಂದು ಹೆಸರಿಟ್ಟವರೂ ಅವರೇ. ನನ್ನ ನಾಲಿಗೆ ಸ್ವಲ್ಪ ಉದ್ದ, ಒಪ್ಪಿಕೊಳ್ಳುತ್ತೇನೆ. ಮಧ್ಯಾಹ್ನದಿಂದ ಬಸ್ ನಿಲ್ದಾಣದ ಕಿಂಡಿಯೊಳಗೆ ಕೂತು ಟಿಕೆಟ್ ಹರಿದುಕೊಡುವ ಕೆಲಸದಲ್ಲಿ ನಾಲಿಗೆ ಮೊಂಡಾದರೆ ಬದುಕಿದ ಹಾಗೇ.

ಓಡುತ್ತಿದ್ದವಳು ನನ್ನ ಅಕ್ಕ. ಶಾಲೆಯಲ್ಲಿದ್ದಾಗ ಓಡಿದಳು, ಮದುವೆಯಾದ ಮೇಲೂ ಓಡಿದಳು. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗೆ ಕಾಲರು ಕೂರಿಸುವ ಕೆಲಸ ಅವಳದು. ದಿನವೆಲ್ಲ ತಲೆ ಬಗ್ಗಿಸಿ ಕೂರುವವಳಿಗೆ ಬೆಳಗಿನ ಆ ಒಂದು ಗಂಟೆಯೇ ಜೀವ. ಸಂಬಂಧಿಕರು "ಮಕ್ಕಳಿಲ್ಲ, ಮರಿಯಿಲ್ಲ, ಯಾರನ್ನ ಹಿಡಿಯೋಕೆ ಓಡ್ತಾಳೆ?" ಎಂದು ಚುಚ್ಚುತ್ತಿದ್ದರು. ಅಕ್ಕ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದಳು. ನಾನು ಬಿಡುತ್ತಿರಲಿಲ್ಲ, ಅದು ಬೇರೆ ಮಾತು.

ಅವಳ ಕಣ್ಣು ಹೋಗತೊಡಗಿದ್ದು ಅಂಚಿನಿಂದ. ಮೊದಲು ಮುಸ್ಸಂಜೆ ಹೊತ್ತಿನಲ್ಲಿ ತಡವರಿಸಿದಳು. ಆಮೇಲೆ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳತೊಡಗಿದಳು. ಕೊನೆಗೆ, ಬಾಗಿಲ ಸಂದಿಯಿಂದ ಇಣುಕಿದ ಹಾಗೆ ಎದುರಿಗಿರುವುದಷ್ಟೇ ಕಾಣುತ್ತದೆ ಎಂದಳು. ಕಣ್ಣಿನ ಡಾಕ್ಟರು ಇದಕ್ಕೆ ಮದ್ದಿಲ್ಲ ಎಂದರು. ಎಷ್ಟು ದಿನ ಉಳಿಯುತ್ತದೆ ಎಂದು ಭಾವ ಕೇಳಿದ್ದಕ್ಕೆ, "ಹೇಳೋಕಾಗಲ್ಲ, ಇರೋವಾಗ ನೋಡಬೇಕಾದ್ದೆಲ್ಲ ನೋಡಿಬಿಡಿ" ಎಂದರು. ಆ ಮಾತು ಭಾವನ ತಲೆಯೊಳಗೆ ಹೊಕ್ಕು ಕೂತಿತು. ಮುಂದೆ ಆದದ್ದಕ್ಕೆಲ್ಲ ಆ ಮಾತೇ ಮೂಲ ಎಂದು ನನಗೆ ಈಗಲೂ ಅನ್ನಿಸುತ್ತದೆ. ಡಾಕ್ಟರು ಒಳ್ಳೆಯದಕ್ಕೇ ಹೇಳಿದ್ದರು, ಆದರೂ ನನಗೆ ಅವರ ಮೇಲೆ ಸಿಟ್ಟಿದೆ.

ಒಂದು ಬೆಳಿಗ್ಗೆ ಅಕ್ಕ ಓಡುತ್ತಾ ಹೋಗಿ ರಸ್ತೆ ಬದಿ ನಿಲ್ಲಿಸಿದ್ದ ತಳ್ಳುಗಾಡಿಗೆ ಢಿಕ್ಕಿ ಹೊಡೆದಳು. ಗಲ್ಲ ಸೀಳಿಸಿಕೊಂಡು ಮನೆಗೆ ಬಂದು ಶೂ ಬಿಚ್ಚಿ ಮಂಚದ ಕೆಳಗೆ ತಳ್ಳಿದಳು. ಅವತ್ತು ಭಾವ ಅಂಗಡಿ ಬೇಗ ಮುಚ್ಚಿ ಬಂದರು. ಕೈಯಲ್ಲಿ ಗಿರಾಕಿಗಳ ಮೈಮೇಲೆ ಹೊದಿಸುವ ನೀಲಿ ಬಟ್ಟೆಯಿಂದ ಕತ್ತರಿಸಿದ ಪಟ್ಟಿಯೊಂದಿತ್ತು.

"ಇದನ್ನ ಮಡಚಿ ಹೊಲಿ" ಎಂದರು.

"ಯಾಕೆ?"

"ಒಂದು ತುದಿ ನಿನ್ನ ಕೈಗೆ, ಒಂದು ತುದಿ ನನ್ನ ಕೈಗೆ. ಕಣ್ಣು ಕಾಣದವರು ಹೀಗೇ ಓಡ್ತಾರಂತೆ. ಗಿರಾಕಿ ಒಬ್ರು ಹೇಳಿದ್ರು."

"ನೀವು ಓಡ್ತೀರಾ?" ಎಂದು ನಾನು ನಕ್ಕುಬಿಟ್ಟೆ. "ಭಾವ, ಮೊದಲು ಆ ಹೊಟ್ಟೆಗೆ ಬೇರೆ ಪಟ್ಟಿ ಕಟ್ಟಿ."

"ನೀನು ಸುಮ್ನಿರೇ ಮೆಣಸಿನಕಾಯಿ. ನಿನ್ನ ಅಕ್ಕ ಓಡೋದು ನಿಂತ್ರೆ ನನ್ನ ಮನೇನೇ ನಿಂತುಹೋಗುತ್ತೆ."

ಅಕ್ಕ ಪಟ್ಟಿ ಹೊಲಿದಳು, ಕಣ್ಣು ಮುಚ್ಚಿಕೊಂಡು, ಬೆರಳಿನಲ್ಲೇ ಅಂಚು ನೋಡಿಕೊಂಡು. ಅವಳು ಯಾಕೆ ಹಾಗೆ ಹೊಲಿಯುತ್ತಿದ್ದಾಳೆಂದು ನಾವಿಬ್ಬರೂ ಕೇಳಲಿಲ್ಲ.

ಮೊದಲ ವಾರ ನೋಡಲು ತಮಾಷೆಯಾಗಿತ್ತು. ಶಾಲೆಯ ಮೈದಾನದ ಸುತ್ತ ಭಾವ ಏದುಸಿರು ಬಿಡುತ್ತಾ, ಅಕ್ಕನನ್ನು ನಡೆಸುವ ಬದಲು ಅಕ್ಕನಿಂದ ಎಳೆಸಿಕೊಳ್ಳುತ್ತಾ ಹೋಗುತ್ತಿದ್ದರು. ನಾನು ಹಿಂದಿನಿಂದ ಸೈಕಲ್ಲಿನಲ್ಲಿ ನೀರಿನ ಬಾಟಲಿ ಹೊತ್ತು ಬರುತ್ತಿದ್ದೆ. ಆದರೆ ಮನುಷ್ಯ ಹಟ ಹಿಡಿದರೆ ಹಿಡಿದದ್ದೇ. ತಿಂಗಳು ಕಳೆಯುವಷ್ಟರಲ್ಲಿ ಇಬ್ಬರ ಕೈಗಳೂ ಒಟ್ಟಿಗೆ ಬೀಸತೊಡಗಿದವು. ಭಾವ ಅಕ್ಕನ ಬಲಕ್ಕೆ. ಅವರ ಎಡಗೈಗೂ ಅವಳ ಬಲಗೈಗೂ ಪಟ್ಟಿ. ಹಾಗಾಗಿ ಅವರು ಎಡಗಾಲು ಊರಿದಾಗ ಅವಳು ಬಲಗಾಲು ಊರಬೇಕು. ಮಧ್ಯದ ಎರಡು ಕಾಲು ಒಟ್ಟಿಗೆ, ಹೊರಗಿನ ಎರಡು ಕಾಲು ಒಟ್ಟಿಗೆ. "ಕಲ್ಲು," "ತಿರುವು," "ಏರು" ಎಂದು ಭಾವ ಹೇಳುತ್ತಾ ಹೋಗುತ್ತಿದ್ದರು. ಮಧ್ಯೆ ಮಧ್ಯೆ ಯಾರ ಮನೆಯ ಕಿಟಕಿಗೆ ಹೊಸ ಪರದೆ ಬಂತು, ಯಾವ ಗಿರಾಕಿ ತಲೆಗೆ ಬಣ್ಣ ಹಚ್ಚಿಸಿಕೊಂಡು ಕದ್ದು ಓಡಾಡುತ್ತಿದ್ದಾನೆ ಎಂಬ ವರದಿ ಬೇರೆ. ಅಕ್ಕ ನಗುತ್ತಾ ಓಡುತ್ತಿದ್ದಳು. ಅವಳು ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಊರಿನಲ್ಲಿ ವರ್ಷಕ್ಕೊಮ್ಮೆ ದೊಡ್ಡ ಓಟ ನಡೆಯುತ್ತದೆ, ಹತ್ತು ಕಿಲೋಮೀಟರಿನದು. ಒಮ್ಮೆಯಾದರೂ ಅದನ್ನು ಓಡಿ ಮುಗಿಸಬೇಕೆಂದು ಅಕ್ಕನ ಆಸೆ. ಅವಳಿಗೆ ಕಣ್ಣಿರುವಾಗಲೇ ಅದು ಆಗಬೇಕು ಎಂದು ಭಾವ ಮನಸ್ಸಿನಲ್ಲೇ ಗಂಟು ಹಾಕಿಕೊಂಡರು. ಮುಗಿಯುವ ಕಡೆ ಕಟ್ಟುವ ಬಣ್ಣದ ಕಮಾನನ್ನು ಅವಳು ನೋಡಬೇಕು, ಅಷ್ಟೇ. ಆ ಅವಸರದಲ್ಲಿ ಓಟ ದಿನದಿಂದ ದಿನಕ್ಕೆ ಉದ್ದವಾಯಿತು. ಮೈದಾನ ಬಿಟ್ಟು ರಸ್ತೆಗೆ ಬಂದರು, ರಸ್ತೆಯಿಂದ ಸೇತುವೆಯ ಏರಿಗೆ ಹೋದರು. ದಿನವೆಲ್ಲ ಸಿಮೆಂಟಿನ ನೆಲದ ಮೇಲೆ ನಿಲ್ಲುವ ಕಾಲು ಅದು. ಎಷ್ಟೆಂದು ತಾಳೀತು?

ನೋವು ಶುರುವಾದದ್ದು ಎಡಗಾಲಿನ ಹಿಮ್ಮಡಿಯ ಮೇಲೆ, ಹಿಮ್ಮಡಿಯನ್ನು ಮೀನಖಂಡಕ್ಕೆ ಕಟ್ಟಿರುವ ಆ ಹುರಿಯಲ್ಲಿ. ಬೆಳಿಗ್ಗೆ ಮಂಚದಿಂದ ಇಳಿದರೆ ಮೊದಲ ಹೆಜ್ಜೆಗಳು ಜೀವ ಹಿಂಡುತ್ತಿದ್ದವಂತೆ. ಗೋಡೆ ಹಿಡಿದು ತುದಿಗಾಲಿನಲ್ಲಿ ಬಚ್ಚಲಿಗೆ ಹೋಗುವರು. ಏನು ಎಂದು ಅಕ್ಕ ಕೇಳಿದರೆ, "ಮನೆಯವರ ನಿದ್ದೆ ಕೆಡಬಾರದು ಅಂತ" ಎನ್ನುವರು. ಓಡಲು ಹೊರಟು ಸ್ವಲ್ಪ ದೂರ ಹೋದರೆ ನೋವು ಕರಗಿಬಿಡುತ್ತಿತ್ತು. ಅದೇ ಅವರಿಗೆ ಮೋಸ ಮಾಡಿದ್ದು. "ಓಡಿದ್ರೆ ಹೋಗುತ್ತೆ, ಕೂತ್ರೆ ಬರುತ್ತೆ. ಹಾಗಾದ್ರೆ ಔಷಧಿ ಯಾವುದು ಅಂತ ನೀನೇ ಹೇಳು" ಎಂದು ಆಮೇಲೆ ನನ್ನ ಹತ್ತಿರ ವಾದ ಮಾಡಿದರು. ಅಂಗಡಿಯ ಮುಲಾಮು ತಂದು ಹಚ್ಚಿ ಹಚ್ಚಿ ಉಜ್ಜುತ್ತಿದ್ದರು. ಬೇರೆ ಮನೆಯಾಗಿದ್ದರೆ ಆ ವಾಸನೆಗೇ ಗುಟ್ಟು ರಟ್ಟಾಗುತ್ತಿತ್ತು. ಕಣ್ಣು ಹೋಗುವವರಿಗೆ ಮೂಗು ಚುರುಕಾಗುತ್ತದೆ ಎನ್ನುತ್ತಾರೆ. ಆದರೆ ಭಾವನ ಅಂಗಿ, ಕೈ, ಟವಲು ಎಲ್ಲವೂ ಮದುವೆಯಾದಂದಿನಿಂದ ಅದೇ ಮುಲಾಮಿನ ವಾಸನೆ ಹೊಡೆಯುತ್ತಿದ್ದವು. ಅದು ಹಿಮ್ಮಡಿಯಿಂದ ಬರುತ್ತಿದೆಯೆಂದು ಅಕ್ಕನಿಗೆ ಹೇಗೆ ತಿಳಿಯಬೇಕು?

ಮೊದಲು ಕಂಡದ್ದು ನನಗೆ, ಅದೂ ಸೈಕಲ್ಲಿನ ಮೇಲಿನಿಂದ. ಇಬ್ಬರೂ ಓಡುತ್ತಾ ಓಡುತ್ತಾ ಪ್ರತಿ ಹೆಜ್ಜೆಗೂ ಒಬ್ಬರ ಕಡೆಗೊಬ್ಬರು ವಾಲುತ್ತಿದ್ದರು, ಗುಟ್ಟು ಹೇಳುವವರ ಹಾಗೆ. ಭಾವನ ಎಡಗಾಲು ಪೂರ್ತಿ ಊರುವ ಮೊದಲೇ ಎದ್ದುಬಿಡುತ್ತಿತ್ತು. ಜೊತೆಗೆ ಅಕ್ಕನ ಬಲಗಾಲೂ.

"ಏನಿದು, ಗಂಡ ಹೆಂಡ್ತಿ ಇಬ್ರೂ ಕುಂಟ್ತಾ ಇದ್ದೀರಿ?" ಎಂದು ಕೂಗಿದೆ.

"ನಾನಾ? ನನಗೇನಾಗಿದೆ?" ಎಂದಳು ಅಕ್ಕ.

"ನನ್ನ ಶೂ ಕಚ್ತಿದೆ ಕಣೇ. ಹೊಸದು ತಗೋಬೇಕು" ಎಂದರು ಭಾವ, ಮುಖ ತಿರುಗಿಸಿ.

ನಾನು ಬಿಡುವವಳೇ? ಅವತ್ತೇ ಅಂಗಡಿಗೆ ಹೋಗಿ, ಗಿರಾಕಿಯ ಮುಖದ ಮೇಲೆ ನೊರೆ ಇದ್ದ ಹಾಗೇ, ಅವರ ಪ್ಯಾಂಟು ಮೇಲೆತ್ತಿ ನೋಡಿದೆ. ಹುರಿಯ ಮೇಲೆ ಗಂಟಿನಂತೆ ಊತ. ಮುಟ್ಟಿದರೆ ಹಲ್ಲು ಕಚ್ಚಿದರು. ಮರುದಿನ ಅವರನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಅಲ್ಲಿ ಕೀಲು, ಸ್ನಾಯುಗಳಿಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಒಬ್ಬರಿದ್ದರು, ಗಟ್ಟಿ ಹೆಂಗಸು.

"ಇದಕ್ಕೆ ಅಕಿಲಿಸ್ ಅಂತಾರೆ" ಎಂದು ಹುರಿಯನ್ನು ಎರಡು ಬೆರಳಲ್ಲಿ ಹಿಡಿದರು.

"ಅಯ್ಯೋ! ಹೆಸರು ಕೇಳಿದ್ರೆ ಯಾರೋ ದೊಡ್ಡ ಮನುಷ್ಯನ ಹಾಗಿದೆ. ನನ್ನ ಕಾಲಲ್ಲಿ ಅವರಿಗೇನು ಕೆಲಸ?" ಎಂದರು ಭಾವ.

ಡಾಕ್ಟರಮ್ಮ ನಗಲಿಲ್ಲ. ಮೂರು ತಿಂಗಳು ಓಟ ನಿಲ್ಲಿಸಬೇಕು, ನಡೆಯಬಹುದು. ಬರಿಗಾಲಲ್ಲಿ ಗಟ್ಟಿ ನೆಲದ ಮೇಲೆ ಓಡಾಡಬಾರದು. ಶೂ ಒಳಗೆ ಹಿಮ್ಮಡಿಗೆ ಮೆತ್ತೆ ಇಡಬೇಕು. ದಿನವೂ ಮೆಟ್ಟಿಲ ಅಂಚಿನಲ್ಲಿ ಮುಂಗಾಲು ಊರಿ, ಎರಡೂ ಕಾಲಿನ ಬಲದಲ್ಲಿ ಎದ್ದು, ನೋವಿನ ಕಾಲೊಂದರಲ್ಲೇ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸಬೇಕು. ಸ್ವಲ್ಪ ನೋವಾದರೆ ಹೆದರಬೇಕಿಲ್ಲ, ಮರುದಿನಕ್ಕೆ ಹೆಚ್ಚಾದರೆ ಕಡಿಮೆ ಮಾಡಬೇಕು. "ಮೂರು ತಿಂಗಳು ತಾಳ್ಮೆಯಿಂದಿದ್ರೆ ಮತ್ತೆ ಓಡ್ತೀರಿ. ಇಲ್ಲದಿದ್ರೆ ನನ್ನ ಕೇಳ್ಬೇಡಿ. ಮತ್ತೆ, ತುಂಬಾ ಹೊತ್ತು ನಿಲ್ಬೇಡಿ."

"ಕ್ಷೌರದವನಿಗೆ ನಿಲ್ಬೇಡ ಅಂದ್ರೆ ಹೇಗೆ ಮೇಡಂ? ಗಿರಾಕೀನ ನೆಲದ ಮೇಲೆ ಮಲಗಿಸ್ಲಾ?"

ಹೊರಗೆ ಬಂದ ಮೇಲೆ ಗದರಿಸಿದೆ: "ಭಾವ, ಅಕ್ಕನಿಗೆ ನೀವು ಹೇಳ್ತೀರೋ ನಾನು ಹೇಳ್ಲೋ?" ತಾವೇ ಹೇಳುವುದಾಗಿ ಮಾತು ಕೊಟ್ಟರು. ಎರಡು ದಿನ ಬಿಟ್ಟು ಕೇಳಿದರೆ, "ಹೇಳಿದೆ. ನಿಲ್ಲಿಸೋದು ಬೇಡ, ಮೆಲ್ಲಗೆ ಓಡೋಣ ಅಂದ್ಲು. ಇನ್ನು ನೀನು ಅವಳ ಹತ್ರ ಇದನ್ನೆತ್ತಬೇಡ, ಪಾಪ, ನೊಂದ್ಕೋತಾಳೆ" ಎಂದರು. ಅವರು ಹೇಳಿದ್ದರಲ್ಲಿ ನಿಜ ಒಂದಿಷ್ಟೂ ಇರಲಿಲ್ಲ, ನನಗದು ತಿಳಿದದ್ದು ಬಹಳ ತಡವಾಗಿ. ಅಕ್ಕನಿಗೆ ಶೂ ಕಚ್ಚಿದ ಕಥೆ, ನನಗೆ ಅಕ್ಕ ಒಪ್ಪಿದ ಕಥೆ. ಕತ್ತರಿ ಆಡಿಸಿದಷ್ಟೇ ಸಲೀಸಾಗಿ ಎರಡೂ ಕಡೆ ಸುಳ್ಳು ಹೇಳಿದ್ದರು.

ವ್ಯಾಯಾಮ ಮಾತ್ರ ತಪ್ಪಿಸಲಿಲ್ಲ. ಗಿರಾಕಿ ಇಲ್ಲದಾಗಲೆಲ್ಲ ಅಂಗಡಿಯ ಕಲ್ಲಿನ ಮೆಟ್ಟಿಲ ಮೇಲೆ ರಸ್ತೆಗೆ ಬೆನ್ನು ಹಾಕಿ, ಬಾಗಿಲ ಚೌಕಟ್ಟು ಹಿಡಿದು ಏಳುವರು, ಇಳಿಯುವರು. ಬೀದಿಯವರು "ಏನು ಯಜಮಾನ್ರೇ, ಎತ್ತರ ಆಗ್ತಿದ್ದೀರಾ?" ಎಂದು ಕಾಲೆಳೆಯುತ್ತಿದ್ದರು. ಮಧ್ಯಾಹ್ನ ಕಟ್ಟಿದ್ದನ್ನು ಮರುದಿನ ಬೆಳಿಗ್ಗೆ ಸೇತುವೆಯ ಏರಿನಲ್ಲಿ ತಾವೇ ಕೆಡವುತ್ತಿದ್ದರು. ಒಂದು ಸಲ ನಾನು ರೇಗಿದಾಗ ಅವರು ಹೇಳಿದ ಮಾತು ನನಗೆ ಮರೆಯುವುದಿಲ್ಲ. "ನನ್ನ ಹಿಮ್ಮಡಿ ಎಲ್ಲಿಗೂ ಹೋಗಲ್ಲ ಕಣೇ. ಆಮೇಲೆ ರಿಪೇರಿ ಮಾಡ್ಕೋಬಹುದು. ಅವಳ ಕಣ್ಣು ಕಾಯುತ್ತಾ?"

ದೊಡ್ಡ ಓಟಕ್ಕೆ ಇನ್ನೇನು ಸ್ವಲ್ಪ ದಿನ ಇತ್ತು. ಬೆಳಿಗ್ಗೆ ಹಾಲಿನ ವ್ಯಾನೊಂದು ಓಣಿಯಿಂದ ಹಿಮ್ಮುಖವಾಗಿ ಬಂತು. ಭಾವ ಅಕ್ಕನನ್ನು ಪಕ್ಕಕ್ಕೆ ಎಳೆದು, ಎಡಗಾಲು ಒತ್ತಿ ಪಾದಚಾರಿ ಕಟ್ಟೆಗೆ ಹಾರಿದರು. ಒಣಕಟ್ಟಿಗೆ ಮುರಿದಂಥ ಸದ್ದಾಯಿತು. ನನಗೂ ಕೇಳಿಸಿತು. ಭಾವ ಕೂಡಲೇ ಹಿಂದೆ ತಿರುಗಿ, ನನ್ನನ್ನು ನೋಡಿ ಕೆಂಡವಾದರು.

"ಸೈಕಲ್ ತಂದು ಕಾಲಿಗೆ ಗುದ್ತೀಯಲ್ಲೇ! ಕಣ್ಣು ಕಾಣಲ್ವಾ ನಿನಗೆ?"

ಹಿಂದಿನಿಂದ ಏನೋ ಬಂದು ಹಿಮ್ಮಡಿಗೆ ಬಡಿದಂತಾಗಿತ್ತಂತೆ ಅವರಿಗೆ. ನನ್ನ ಸೈಕಲ್ಲು ಇನ್ನೂ ಆಚೆ ಕಂಬದ ಹತ್ತಿರವಿತ್ತು. ಯಾರೂ ಗುದ್ದಿರಲಿಲ್ಲ. ಅದು ಅವರಿಗೂ ತಿಳಿಯಿತು. ತಾವು ಎಂಥ ಮಾತನ್ನು ಯಾರ ಪಕ್ಕದಲ್ಲಿ ನಿಂತು ಆಡಿದೆವೆಂಬುದೂ ತಿಳಿಯಿತು. ಪಟ್ಟಿ ಇನ್ನೂ ಇಬ್ಬರ ಕೈಯಲ್ಲಿತ್ತು. ಭಾವ ಮೆಲ್ಲಗೆ ಕಟ್ಟೆಯ ಮೇಲೆ ಕುಸಿದರು, ಅವರ ಜೊತೆಗೆ ಅಕ್ಕನೂ ಕೂರಬೇಕಾಯಿತು.

"ಏನಾಯ್ತು ರೀ? ಯಾರಾದ್ರೂ ಹೇಳ್ರೀ, ಏನಾಯ್ತು?" ಎಂದು ಅಕ್ಕ ಕೈಯಾಡಿಸುತ್ತಾ ಕೇಳುತ್ತಿದ್ದಳು.

ಹುರಿ ಪೂರ್ತಿ ಕಿತ್ತುಹೋಗಿತ್ತು. ಆಸ್ಪತ್ರೆಯಲ್ಲಿ ಅದೇ ಡಾಕ್ಟರಮ್ಮ ಬಂದು ನೋಡಿ, ಅಕ್ಕನ ಎದುರಿಗೇ, "ಓಟ ನಿಲ್ಲಿಸಿ ಅಂತ ಅಷ್ಟು ಹೇಳಿದ್ದೆ ನಿಮಗೆ" ಎಂದರು. ಅಕ್ಕ ಡಾಕ್ಟರಮ್ಮನ ಕಡೆ ಮುಖ ತಿರುಗಿಸಿ ಒಂದೊಂದಾಗಿ ಎಲ್ಲ ಕೇಳಿ ತಿಳಿದುಕೊಂಡಳು. ಯಾವಾಗ ಬಂದಿದ್ದರು, ಏನು ಹೇಳಿದಿರಿ, ಎಷ್ಟು ದಿನ ಬಿಡಬೇಕಿತ್ತು. ಆಮೇಲೆ ಕಾಲು ಹೊಲಿದು ಕಟ್ಟು ಹಾಕಿ ಮನೆಗೆ ಕಳಿಸುವವರೆಗೂ ಗಂಡನ ಜೊತೆ ಮಾತಾಡಲಿಲ್ಲ. ಊಟ ಕೊಟ್ಟಳು, ದಿಂಬು ಸರಿಮಾಡಿದಳು, ಅಷ್ಟೇ.

ಮನೆಗೆ ಬಂದ ದಿನ ಭಾವನೇ ಶುರು ಮಾಡಿದರು. "ತಪ್ಪಾಯ್ತು ಕಣೇ. ಈ ವರ್ಷದ ಓಟ ತಪ್ಪಿಹೋಯ್ತು. ನಿನಗೆ ಕಾಣೋವಾಗಲೇ ಮುಗಿಸಿಬಿಡೋಣ ಅಂತ…"

ಅಕ್ಕ ತಟ್ಟೆಯನ್ನು ಕುಕ್ಕಿದಳು.

"ಕಾಣೋವಾಗ ಓಡೋಕೆ ನನಗೆ ಪಟ್ಟಿ ಯಾಕ್ರೀ ಬೇಕಿತ್ತು? ಕಣ್ಣು ಪೂರ್ತಿ ಹೋದ ಮೇಲೂ ಓಡಬೇಕು ಅಂತ ತಾನೇ ನಾನು ಇದನ್ನ ಕಲಿತಿದ್ದು? ಅದಕ್ಕೇ ಕಣ್ಣು ಮುಚ್ಕೊಂಡು ಓಡ್ತಿದ್ದೆ, ನಿಮಗೆ ಗೊತ್ತಾ? ಅರ್ಧ ದಾರಿ ಕಣ್ಣು ಮುಚ್ಚೇ ಇರ್ತಿತ್ತು. ಕಮಾನು ನೋಡಿ ನಾನೇನು ಮಾಡ್ಲಿ? ಮೂರು ತಿಂಗಳಲ್ಲ, ಮೂರು ವರ್ಷ ಬೇಕಾದ್ರೂ ಕಾಯ್ತಿದ್ದೆ. ಒಂದು ಮಾತು ಕೇಳ್ಬಾರ್ದಿತ್ತಾ?"

ಭಾವ ಗೋಡೆಯ ಕಡೆ ತಿರುಗಿಕೊಂಡರು. ಮದುವೆಯಾಗಿ ಇಷ್ಟು ವರ್ಷವಾದರೂ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ನನಗೂ ತಡೆಯಲಾಗದೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದೆ. ಇಬ್ಬರ ಮೇಲೂ ಸಿಟ್ಟು ಬಂದಿತ್ತು, ಇಬ್ಬರನ್ನೂ ಅಪ್ಪಿಕೊಳ್ಳಬೇಕೆಂದೂ ಅನ್ನಿಸಿತ್ತು.

ಕಟ್ಟು ಬಿಚ್ಚುವಷ್ಟರಲ್ಲಿ ಅಕ್ಕನ ಕಣ್ಣಲ್ಲಿ ಉಳಿದಿದ್ದ ಆ ಸಂದಿಯೂ ಮುಚ್ಚುತ್ತಾ ಬಂದಿತ್ತು. ಮುಂದಿನ ವರ್ಷ ಬರುವ ಹೊತ್ತಿಗೆ ಬೆಳಕಿದೆ, ಇಲ್ಲ ಎಂಬುದಷ್ಟೇ ಗೊತ್ತಾಗುತ್ತಿತ್ತು. ಭಾವ ಅಂಗಡಿಗೆ ಮರಳಿದರು. ಎತ್ತರದ ಸ್ಟೂಲಿನ ಮೇಲೆ ಕೂತು, ತಾವು ಸುತ್ತುವ ಬದಲು ಗಿರಾಕಿಯ ಕುರ್ಚಿಯನ್ನೇ ತಿರುಗಿಸಿ ಕತ್ತರಿ ಆಡಿಸುತ್ತಾರೆ. ನಡೆಯಬಹುದು, ಓಡುವ ಮಾತು ಇನ್ನಿಲ್ಲ ಎಂದರು ಡಾಕ್ಟರು. ಎಡಗಾಲು ಊರಿದ ಕೂಡಲೇ ಎತ್ತುವ ಅಭ್ಯಾಸ ಮಾತ್ರ ಉಳಿಯಿತು.

ಆದರೆ ಅಕ್ಕ ಓಡಲೇಬೇಕೆಂದು ಹಟ ಹಿಡಿದವರು ಅವರೇ. ಮೈದಾನದಲ್ಲಿ ಮಕ್ಕಳಿಗೆ ಆಟ ಕಲಿಸುವ ಟೀಚರೊಬ್ಬರನ್ನು ತಾವೇ ಹೋಗಿ ಕೇಳಿಕೊಂಡರು. ಒಳ್ಳೆಯ ಓಟಗಾರ್ತಿ, ಮನಸ್ಸೂ ಒಳ್ಳೆಯದು, ಕೇಳಿದ ತಕ್ಷಣ ಒಪ್ಪಿದರು. ಭಾವ ಕೋಲು ಊರಿಕೊಂಡು ಬಂದು ಕಲ್ಲುಬೆಂಚಿನ ಮೇಲೆ ಕೂತರು. ತಾವೇ ಪಟ್ಟಿಯ ತುದಿಯನ್ನು ಟೀಚರ ಕೈಗೆ ಸುತ್ತಿದರು, ಬಿಗಿಯಾಯಿತೇ ಎಂದು ಕೇಳಿದರು.

ಇಬ್ಬರೂ ಹೊರಟರು. ಅರ್ಧ ಸುತ್ತು ಆಗುವುದರೊಳಗೆ ಅಕ್ಕ ಎರಡು ಸಲ ಎಡವಿದಳು. ಮರುದಿನವೂ ಹಾಗೇ ಆಯಿತು. ಅದರ ಮಾರನೆಯ ದಿನ ಬಿದ್ದೇಬಿಟ್ಟಳು. ಟೀಚರು ಪಾಪ, "ನಾನೇ ಸರಿಯಾಗಿ ಹೇಳ್ಲಿಲ್ವೇನೋ" ಎಂದು ಒದ್ದಾಡಿದರು. ಅಕ್ಕ ಮೊಣಕಾಲಿನ ಮಣ್ಣು ಒರೆಸಿಕೊಳ್ಳುತ್ತಾ ಬೆಂಚಿಗೆ ಬಂದು ಕೂತಳು.

"ಅವರದ್ದೇನೂ ತಪ್ಪಿಲ್ಲ ರೀ" ಎಂದಳು. "ಅವರ ಎರಡೂ ಕಾಲು ಸಮ ಬೀಳುತ್ವೆ. ನನ್ನ ಬಲಗಾಲು ಊರೋಕೇ ಹೆದರುತ್ತೆ. ನಿಮ್ಮ ಕಾಲಿಗೆ ನೋವಾಗುತ್ತೆ ಅನ್ನೋ ಹಾಗೆ, ಬೇಗ ಎತ್ತಿಬಿಡುತ್ತೆ. ಎಷ್ಟು ಹೇಳಿದ್ರೂ ಕೇಳಲ್ಲ."

ಭಾವ ಟೀಚರಿಗೆ ಕೈಮುಗಿದು, ಪಟ್ಟಿ ಬಿಚ್ಚಿ ಜೇಬಿಗಿಟ್ಟುಕೊಂಡರು. ಅದಾದ ಮೇಲೆ ಅಕ್ಕ ಓಡಲು ಹೋಗಲಿಲ್ಲ. ಬೆಳಗಿನ ಹೊತ್ತು ಇಬ್ಬರೂ ಪಟ್ಟಿ ಹಿಡಿದು ಮೈದಾನದ ಸುತ್ತ ನಡೆಯುತ್ತಾರೆ. ಭಾವ ಈಗಲೂ ಕಿಟಕಿ ಪರದೆಗಳ ವರದಿ ಕೊಡುತ್ತಾರೆ, ಅಕ್ಕ ಹೂಂ ಎನ್ನುತ್ತಾಳೆ. ಹಿಂದಿನಿಂದ ನೋಡಿದರೆ ಇಬ್ಬರೂ ಒಟ್ಟಿಗೆ ಒಬ್ಬರ ಕಡೆಗೊಬ್ಬರು ವಾಲುತ್ತಾರೆ. ನಾನು ಸೈಕಲ್ಲು ತರುವುದನ್ನು ಬಿಟ್ಟಿದ್ದೇನೆ. ನೋಡಲು ಆಗುವುದಿಲ್ಲ.

ಮೊನ್ನೆ ಕೆಲಸಕ್ಕೆ ಹೋಗುವ ಮೊದಲು ಅಂಗಡಿಗೆ ಊಟದ ಡಬ್ಬಿ ಕೊಡಲು ಹೋದೆ. ಭಾವ ಆ ಕಲ್ಲಿನ ಮೆಟ್ಟಿಲ ಮೇಲೆ ರಸ್ತೆಗೆ ಬೆನ್ನು ಹಾಕಿ, ಚೌಕಟ್ಟು ಹಿಡಿದು ನಿಂತಿದ್ದರು. ಎರಡೂ ಕಾಲಲ್ಲಿ ಎದ್ದು, ಎಡ ಹಿಮ್ಮಡಿಯನ್ನು ನಿಧಾನಕ್ಕೆ, ತುಂಬಾ ನಿಧಾನಕ್ಕೆ ಇಳಿಸುತ್ತಿದ್ದರು. ಹಣೆಯಲ್ಲಿ ಬೆವರು.

"ಇನ್ನು ಯಾಕೆ ಭಾವ ಇದೆಲ್ಲ? ಓಡೋ ಹಾಗಿಲ್ಲ ಅಂತ ಹೇಳಿಯಾಯ್ತಲ್ಲ" ಎಂದೆ.

ಅವರು ತಿರುಗಿ ನೋಡಲಿಲ್ಲ. ಮತ್ತೆ ಎದ್ದರು.

"ಓಡೋಕಲ್ಲ ಕಣೇ. ನಾನು ಸರಿಯಾಗಿ ನಡೆದ್ರೆ ಅವಳ ಕಾಲು ಅದನ್ನೂ ಕಲಿಯುತ್ತೆ. ಆಮೇಲೆ ಟೀಚರ ಜೊತೆ ಓಡ್ತಾಳೆ."